ತಾಯಿಯ ಒಡವೆಯಲ್ಲಿ ಎಲ್ಲ ಮಕ್ಕಳಿಗೂ ಪಾಲಿದೆ
ತಾಯಿಯ ಒಡವೆ ಹೆಣ್ಣುಮಕ್ಕಳಿಗೆ, ಮನೆಯ ಸಾಮಾನು ಗಂಡುಮಕ್ಕಳಿಗೆ ಎಂಬ ರೂಢಿಯನ್ನೇ ಅನುಸರಿಸಿದರೆ ಜಗಳವಿರುವುದಿಲ್ಲ ಎಂದು, ತಾಯಿ ತೀರಿಕೊಂಡ ಮೇಲೆ ಅವರ ವಸ್ತುಗಳನ್ನು ಹಂಚಿಕೊಳ್ಳುವ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಇದನ್ನು ನಾನು ಒಪ್ಪಲಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಮಹಿಳೆಯ ಸ್ವತ್ತು, ಒಡವೆಯೂ ಸೇರಿದಂತೆ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ಗಂಡ, ಇಷ್ಟೂ ಮಂದಿಗೆ ಸಮನಾಗಿ ಸಲ್ಲುತ್ತದೆ; ತಾಯಿಗಿಂತ ಮೊದಲೇ ತೀರಿಹೋದ ಮಗ ಅಥವಾ ಮಗಳ ಪಾಲು ಅವರ ಮಕ್ಕಳಿಗೆ ಸೇರುತ್ತದೆ. ಬ್ಯಾಂಕ್ ಠೇವಣಿಗೆ ನಾಮಿನಿಯಾಗಿರುವವರು ಹಣ ಪಡೆದುಕೊಳ್ಳಬಹುದೇ ಹೊರತು ಅಷ್ಟರಿಂದಲೇ ಅದರ ಒಡೆಯರಾಗುವುದಿಲ್ಲ ಎಂಬುದನ್ನೂ ಲೇಖನ ಹೇಳಬೇಕಿತ್ತು, ಏಕೆಂದರೆ ಎಷ್ಟೋ ಮನೆಗಳಲ್ಲಿ ಮನಸ್ತಾಪ ಹುಟ್ಟುವುದೇ ಅಲ್ಲಿಂದ.

ಚಿನ್ನ ಹಂಚುವುದು ಅಷ್ಟು ಕಷ್ಟವಲ್ಲ. ನಂಬಿಕಸ್ಥ ಚಿನಿವಾರರಲ್ಲಿ, ಎಲ್ಲರ ಎದುರಿನಲ್ಲೇ, ಹರಳು ಮತ್ತು ಅರಗಿನ ತೂಕ ಕಳೆದು ನಿವ್ವಳ ತೂಕವನ್ನು ಬರೆಸಿಕೊಂಡು, ತನ್ನ ಪಾಲಿಗಿಂತ ಹೆಚ್ಚು ಇಟ್ಟುಕೊಂಡವರು ಅದರ ಬೆಲೆಯನ್ನು ಉಳಿದವರಿಗೆ ಕೊಟ್ಟರಾಯಿತು. ಕಷ್ಟವಾಗುವುದು ಬೆಲೆ ಕಟ್ಟಲಾಗದ ವಸ್ತುಗಳನ್ನು ಹಂಚುವಾಗ. ನಮ್ಮ ತಾಯಿಯ ಹೆಸರು ಕೊರೆಸಿದ್ದ ಹಿತ್ತಾಳೆಯ ಕೊಳಗ ಮತ್ತು ಜರಿ ಕಪ್ಪಾಗಿದ್ದ ಧಾರೆ ಸೀರೆ ಎರಡನ್ನೂ ಎಲ್ಲರೂ ಬಯಸಿದ್ದರು. ಕೊನೆಯವರೆಗೂ ಅಮ್ಮನನ್ನು ನೋಡಿಕೊಂಡ ತಂಗಿಗೆ ಮೊದಲ ಆಯ್ಕೆ ಇರಲಿ ಎಂದು ದೊಡ್ಡಣ್ಣನೇ ಹೇಳಿದ. ಉಳಿದವರು ಚೀಟಿ ಎತ್ತಿ ಸರದಿ ಗೊತ್ತುಮಾಡಿಕೊಂಡು ಒಂದೊಂದನ್ನು ಆರಿಸಿಕೊಂಡೆವು, ಎರಡನೆಯ ಸುತ್ತನ್ನು ಕೊನೆಯವರಿಂದ ಆರಂಭಿಸಿದೆವು. ಅತ್ತಿಗೆ, ಭಾವಂದಿರು ಆಗ ಅಲ್ಲಿರಲಿಲ್ಲ, ಅದು ಒಳ್ಳೆಯದೇ ಆಯಿತು. ದೂರದ ಊರಿನಲ್ಲಿರುವ ಮಕ್ಕಳು ಬಂದು ಸೇರುವ ಮೊದಲೇ ಬೀರು ತೆಗೆದು ಹಂಚಿಕೆ ಆರಂಭಿಸುವುದನ್ನು ಮಾತ್ರ ಯಾವ ಕುಟುಂಬವೂ ಮಾಡಬಾರದೆಂದು ನನ್ನ ಕಳಕಳಿಯ ವಿನಂತಿ.