96 ಕೋರ್‌ಗೆ 4 ಕೋರ್ ಸರಿಸಾಟಿಯಾಗುವುದು ಎಲ್ಲಿ

ಒಂದು ಕಡೆ ಇಂಟೆಲ್‌ನ ಅಗ್ಗದ ಡೆಸ್ಕ್‌ಟಾಪ್ ಪ್ರೊಸೆಸರ್ ಕೋರ್ ಐ3-12100ಎಫ್: 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ), 12 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ), ಟರ್ಬೊದಲ್ಲಿ, ಅಂದರೆ ಗರಿಷ್ಠ ವೇಗದಲ್ಲಿ, 4.3 ಗಿಗಾಹರ್ಟ್ಜ್. ಇನ್ನೊಂದು ಕಡೆ ಎಎಂಡಿಯ ಸರ್ವರ್ ಪ್ರೊಸೆಸರ್ ಎಪಿಕ್ 9654: 96 ಕೋರ್, 192 ಥ್ರೆಡ್, 384 ಎಂಬಿ ಎಲ್3, ಬೂಸ್ಟ್ (ಟರ್ಬೊಗೆ ಎಎಂಡಿಯ ಹೆಸರು) ಹೆಚ್ಚೆಂದರೆ 3.7 ಗಿಗಾಹರ್ಟ್ಜ್. ಎರಡೂ 2022ರಲ್ಲಿ ಬಂದವು. ಕೋರ್ ಎಣಿಸಿ ‘24 ಪಟ್ಟು ವೇಗ’ ಅಂದುಬಿಡುವವರಿದ್ದಾರೆ. ಈ ಲೆಕ್ಕ ನಂಬಿ ಸರ್ವರ್ ಚಿಪ್ ಕೊಂಡರೆ ದುಡ್ಡು ನೀರಿನಲ್ಲಿ ಹಾಕಿದಂತೆ. ಒಂದೇ ಥ್ರೆಡ್‌ನಲ್ಲಿ ನಡೆಯುವ ಕೆಲಸದಲ್ಲಿ ಬಡ ಐ3 ಈ ದೈತ್ಯನಿಗೆ ಸುಲಭವಾಗಿ ಸಮನಾಗಿ ನಿಲ್ಲುತ್ತದೆ, ಎಷ್ಟೋ ಸಲ ಮುಂದೆಯೇ ಹೋಗುತ್ತದೆ.

ಕಾರಣ ವಿದ್ಯುತ್ತಿನಲ್ಲಿದೆ. ಐ3 ಟರ್ಬೊದಲ್ಲಿ 89 ವ್ಯಾಟ್‌ವರೆಗೆ ಎಳೆಯಬಹುದು, ಅಂದರೆ ಕೋರ್‌ಗೆ ಸುಮಾರು 22 ವ್ಯಾಟ್. ಎಪಿಕ್‌ನ ಟಿಡಿಪಿ, ಅಂದರೆ ಅದಕ್ಕೆ ಗೊತ್ತುಮಾಡಿದ ವಿದ್ಯುತ್ ಮಟ್ಟ, 360 ವ್ಯಾಟ್. 96ರಿಂದ ಭಾಗಿಸಿದರೆ ಕೋರ್‌ಗೆ 3.75 ವ್ಯಾಟ್, ಅದರಲ್ಲೂ ಮೆಮೊರಿ ಮತ್ತು ಪಿಸಿಐಇ (ಕಾರ್ಡು, ಡಿಸ್ಕ್ ಜೋಡಿಸುವ ದಾರಿ) ನೋಡಿಕೊಳ್ಳುವ ನಡುವಿನ ಚಿಪ್ ತನ್ನ ಪಾಲು ತೆಗೆದುಕೊಳ್ಳುತ್ತದೆ. ಗಡಿಯಾರದ ವೇಗ ಏರಿಸಲು ವೋಲ್ಟೇಜ್ ಏರಿಸಬೇಕು, ವೋಲ್ಟೇಜ್ ಏರಿದರೆ ವಿದ್ಯುತ್ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಹಾಗಾಗಿ ಸರ್ವರ್ ಚಿಪ್ ಪ್ರತಿ ಕೋರ್ ಅನ್ನೂ ಸ್ವಲ್ಪ ನಿಧಾನವಾಗಿಸಿ, ಅಂಥವನ್ನು ರಾಶಿ ಹಾಕುತ್ತದೆ. ಕ್ಯಾಶ್‌ನದೂ ಇದೇ ಕಥೆ. ಆ 384 ಎಂಬಿ ಒಂದೇ ಕೊಳವಲ್ಲ. 12 ತುಂಡು, ತಲಾ 32 ಎಂಬಿ. ಒಂಟಿ ಥ್ರೆಡ್ಡಿಗೆ ದಕ್ಕುವುದು ತನ್ನ ತುಂಡಿನ 32 ಮಾತ್ರ.

ಕೆಲಸವನ್ನು ಹಂಚಬಹುದಾದರೂ ಅದಕ್ಕೊಂದು ಮಿತಿ ಇದೆ. 1967ರಲ್ಲಿ ಜೀನ್ ಆಮ್ಡಾಲ್ ಮುಂದಿಟ್ಟ ವಾದ ಇಂದಿಗೂ ಹಾಗೇ ನಿಂತಿದೆ. ಕೆಲಸದ ಶೇ. 90 ಭಾಗ ಹಂಚಬಹುದು, ಶೇ. 10 ಸಾಲಾಗಿಯೇ ನಡೆಯಬೇಕು ಅನ್ನಿ. ಆಗ 4 ಕೋರ್‌ನಲ್ಲಿ 3.1 ಪಟ್ಟು ವೇಗ, 96 ಕೋರ್‌ನಲ್ಲಿ 9.1 ಪಟ್ಟು. ಕೋರ್ 24 ಪಟ್ಟು ಹೆಚ್ಚಿ, ಲಾಭ ಮೂರು ಪಟ್ಟೂ ಇಲ್ಲ.

ನಿಮ್ಮ ಕೆಲಸ ಯಾವ ಜಾತಿಯದು ಎಂದು ಈಗಿರುವ ಕಂಪ್ಯೂಟರಿನಲ್ಲೇ ನೋಡಬಹುದು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್ಸ್ ನೋಟಕ್ಕೆ ಬದಲಿಸಿ. 8 ಥ್ರೆಡ್ ಯಂತ್ರದಲ್ಲಿ ಒಟ್ಟು ಬಳಕೆ ಶೇ. 12-13ಕ್ಕೆ ಅಂಟಿಕೊಂಡು, ಕೆಲಸ ಮಾತ್ರ ಮುಗಿಯುತ್ತಲೇ ಇಲ್ಲವೆಂದರೆ ಒಂದು ಥ್ರೆಡ್ ಉಸಿರುಗಟ್ಟಿ ಓಡುತ್ತಿದೆ ಎಂದು ಅರ್ಥ. ಅದೇ ಪ್ರೋಗ್ರಾಂ 192 ಥ್ರೆಡ್ ಯಂತ್ರದಲ್ಲಿ ಶೇ. 0.5 ತೋರಿಸುತ್ತದೆ. ಸರ್ವರ್ ಖಾಲಿ ಬಿದ್ದಿದೆ ಎಂದು ಎಷ್ಟೋ ಜನ ಮೋಸಹೋಗುವುದು ಇಲ್ಲೇ.

ಈಗ ಎಲ್ಲರೂ ಕಡೆಗಣಿಸುವ ವಿಷಯ, ನನ್ನ ಮಟ್ಟಿಗೆ ಕೋರ್‌ಗಿಂತ ಮುಖ್ಯವಾದದ್ದು: ಮೆಮೊರಿ ಚಾನೆಲ್, ಅಂದರೆ ಮೆಮೊರಿ ಮತ್ತು ಪ್ರೊಸೆಸರ್ ನಡುವಿನ ದಾರಿ. ಡಿಡಿಆರ್5-4800ರ ಒಂದು ಚಾನೆಲ್ ಒಮ್ಮೆಗೆ 8 ಬೈಟ್‌ನಂತೆ ಸೆಕೆಂಡಿಗೆ 4800 × 8 = 38,400 ಎಂಬಿ, ಅಂದರೆ 38.4 ಜಿಬಿ ಸಾಗಿಸಬಲ್ಲದು. ಐ3ಗೆ 2 ಚಾನೆಲ್, ಒಟ್ಟು 76.8 ಜಿಬಿ. ಎಪಿಕ್‌ಗೆ 12, ಒಟ್ಟು 460.8 ಜಿಬಿ. ಕೋರ್‌ಗೆ ಇಷ್ಟೆಂದು ಹಂಚಿ ನೋಡಿ: ಐ3ಯಲ್ಲಿ 19.2, ಎಪಿಕ್‌ನಲ್ಲಿ 4.8. ತಲಾವಾರು ಲೆಕ್ಕದಲ್ಲಿ ಅಗ್ಗದ ಚಿಪ್ಪೇ ಸಿರಿವಂತ.

ಈ 12 ಚಾನೆಲ್ ತಾನಾಗಿ ಸಿಗುವುದೂ ಇಲ್ಲ. ಪ್ರತಿ ಚಾನೆಲ್ಲಿಗೆ ಕನಿಷ್ಠ ಒಂದು ರ‍್ಯಾಮ್ ಕಡ್ಡಿ ಹಾಕಬೇಕು. ‘ಸದ್ಯಕ್ಕೆ ಎರಡು ಇರಲಿ, ಆಮೇಲೆ ನೋಡೋಣ’ ಎಂದು ಎರಡೇ ಹಾಕಿದರೆ 96 ಕೋರ್‌ಗಳಿಗೆ ಸಿಗುವುದು ಅದೇ 76.8 ಜಿಬಿ, ಐ3ಗೆ ಸಿಗುವಷ್ಟೇ. ಮನೆಯಲ್ಲೇ ಭಾಷಾ ಮಾದರಿ ಓಡಿಸುವವರಿಗೆ ಇದು ಕಣ್ಣಿಗೆ ರಾಚುತ್ತದೆ. ಸಾಮಾನ್ಯ (ಡೆನ್ಸ್) ಮಾದರಿಯಲ್ಲಿ ಪ್ರತಿ ಟೋಕನ್ (ಪದ ಅಥವಾ ಪದದ ತುಣುಕು) ಹುಟ್ಟಿಸಲು ಇಡೀ ಮಾದರಿಯನ್ನು ಒಮ್ಮೆ ಮೆಮೊರಿಯಿಂದ ಓದಬೇಕು. ಅಂಥ ಮಾದರಿ 40 ಜಿಬಿ ಇದ್ದರೆ, 12 ಕಡ್ಡಿ ತುಂಬಿದ ಎಪಿಕ್ ಸೆಕೆಂಡಿಗೆ ಹೆಚ್ಚೆಂದರೆ 11 ಟೋಕನ್ ಕೊಟ್ಟೀತು. ಎರಡೇ ಕಡ್ಡಿ ಹಾಕಿದರೆ 2 ಕೂಡ ಇಲ್ಲ, 64 ಜಿಬಿ ಹಾಕಿದ ಐ3ಯ ಮಿತಿಯೂ ಅಷ್ಟೇ. ನಿಜದಲ್ಲಿ ಇನ್ನೂ ಕಡಿಮೆ ಬರುತ್ತದೆ. 92 ಕೋರ್ ಹೆಚ್ಚಿದ್ದೂ ಉಪಯೋಗವಿಲ್ಲ.

ಕಂಪೈಲ್ ಮಾಡುವವರಿಗೆ, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವವರಿಗೆ, ಬೇರೆ ತೊಂದರೆ. ದೊಡ್ಡ ಸಿ++ ಕೋಡ್‌ನಲ್ಲಿ ಒಟ್ಟಿಗೆ ನಡೆಯುವ ಒಂದೊಂದು ಜಾಬ್‌ಗೆ 2 ಜಿಬಿ ಹಿಡಿದರೆ 192 ಜಾಬ್‌ಗೆ 384 ಜಿಬಿ ಬೇಕು, ಅಂದರೆ 32 ಜಿಬಿಯ 12 ಕಡ್ಡಿ. ರ‍್ಯಾಮ್ ಸಾಲದಿದ್ದರೆ ಲಿನಕ್ಸ್ ಕರ್ನಲ್ ನಡುವೆಯೇ ಕಂಪೈಲರ್ ಅನ್ನು ಕೊಂದುಹಾಕುತ್ತದೆ, ಪರದೆಯಲ್ಲಿ ‘ಕಿಲ್ಡ್’ ಎಂಬ ಪದ ಕಾಣುತ್ತದೆ. ಆಗ ಜಾಬ್ ಸಂಖ್ಯೆ ಇಳಿಸಿ. ತುಣುಕುಗಳನ್ನು ಒಂದಾಗಿ ಬೆಸೆಯುವ ಕೊನೆಯ ಲಿಂಕಿಂಗ್ ಹಂತದಲ್ಲಿ ಹೇಗೂ ಬಹುಪಾಲು ಕೋರ್‌ಗಳಿಗೆ ಕೆಲಸವಿರುವುದಿಲ್ಲ.

ಹಾಗೆಂದು ಎಪಿಕ್ ಅನ್ನು ಹಗುರವಾಗಿ ಕಾಣಬೇಡಿ. ಹತ್ತಾರು ವರ್ಚುವಲ್ ಮಷೀನ್, ಒಟ್ಟಿಗೆ ಸಾವಿರಾರು ಜನ ಬಡಿಯುವ ಡೇಟಾಬೇಸ್, ಫ್ರೇಮ್ ಫ್ರೇಮ್ ಹಂಚಿ ಮಾಡುವ ರೆಂಡರಿಂಗ್, ಇಲ್ಲೆಲ್ಲ ಐ3 ಹತ್ತಿರವೂ ಸುಳಿಯಲಾರದು. ಪಿಸಿಐಇ ಲೇನ್ ಎಪಿಕ್‌ನಲ್ಲಿ 128, ಐ3ಯಲ್ಲಿ 20. ಗ್ರಾಫಿಕ್ಸ್ ಕಾರ್ಡ್‌ಗೆ 16 ಹೋದರೆ ಐ3ಯಲ್ಲಿ ಒಂದು ಎನ್‌ವಿಎಂಇ ಎಸ್‌ಎಸ್‌ಡಿಗೆ ಬೇಕಾದ 4 ಉಳಿಯುತ್ತದೆ, ಮಿಕ್ಕಿದ್ದೆಲ್ಲ ಚಿಪ್‌ಸೆಟ್ ಮೂಲಕ ನುಸುಳಬೇಕು. ತಪ್ಪಾದ ಬಿಟ್‌ಗಳನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಒಂದೇ ಸಾಕು ಸರ್ವರ್ ಆರಿಸಿಕೊಳ್ಳಲು, ತಿಂಗಳುಗಟ್ಟಲೆ ನಿಲ್ಲಿಸದೆ ಓಡಿಸುವ ಯಂತ್ರವಾದರೆ. ಆದರೆ ಸಾಫ್ಟ್‌ವೇರ್ ಲೈಸೆನ್ಸ್ ಮೊದಲು ಓದಿಕೊಳ್ಳಿ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ನಲ್ಲಿ ಸಾಮಾನ್ಯವಾಗಿ ಯಂತ್ರದ ಅಷ್ಟೂ ಕೋರ್‌ಗಳಿಗೆ ಲೈಸೆನ್ಸ್ ಕೊಳ್ಳಬೇಕು, 96 ಅಂದರೆ 96.

ಜೋಡಿಸುವಾಗ ಆಗುವ ಎಡವಟ್ಟುಗಳು ಬೇರೆಬೇರೆ. ಐ3-12100ಎಫ್ ಹೆಸರಿನ ಕೊನೆಯ ‘ಎಫ್’ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕದೆ ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಸಿಕ್ಕಿಸಿದರೆ ಪರದೆ ಕಪ್ಪು. ಎಪಿಕ್‌ನಲ್ಲಿ ಬಿಸಿ ಎಳೆದುಕೊಳ್ಳುವ ಹೀಟ್‌ಸಿಂಕ್‌ನ ಸ್ಕ್ರೂಗಳನ್ನು ಅದರ ಮೇಲೆ ಬರೆದ ಸಂಖ್ಯೆಯ ಕ್ರಮದಲ್ಲೇ, ಹೇಳಿದಷ್ಟೇ ಬಿಗಿಗೆ ತಿರುಗಿಸಬೇಕು. ಸಾಕೆಟ್‌ನಲ್ಲಿ 6096 ಪಿನ್. ಒತ್ತಡ ಒಂದು ಬದಿಗೆ ವಾಲಿದರೆ ಕೆಲವು ಪಿನ್ ತಾಗದೆ, ಯಂತ್ರ ಆನ್ ಆದರೂ ಒಂದೆರಡು ಮೆಮೊರಿ ಚಾನೆಲ್ ಕಾಣೆಯಾಗುತ್ತವೆ. ರ‍್ಯಾಮ್ ಕೆಟ್ಟಿದೆ ಎಂದು ಬದಲಿಸುವ ಮೊದಲು ಪ್ರೊಸೆಸರ್ ತೆಗೆದು ಮತ್ತೆ ಕೂರಿಸಿ. ಡೆಸ್ಕ್‌ಟಾಪಿನ ಡಿಡಿಆರ್5 ಕಡ್ಡಿ ಇದಕ್ಕೆ ಹೊಂದುವುದಿಲ್ಲ, ಕಡ್ಡಿಯ ಅಂಚಿನ ಕಚ್ಚಿನ ಜಾಗವೇ ಬೇರೆ. ಇದಕ್ಕೆ ಸರ್ವರ್‌ನ ರಿಜಿಸ್ಟರ್ಡ್ ಕಡ್ಡಿಯೇ (ಆರ್‌ಡಿಐಎಂಎಂ) ಬೇಕು. ಮೊದಲ ಸಲ ಆನ್ ಮಾಡಿದಾಗ ಯಂತ್ರ ಕಡ್ಡಿಗಳನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುವ ಮೆಮೊರಿ ಟ್ರೈನಿಂಗ್‌ಗೆ ಹಲವು ನಿಮಿಷ ಹಿಡಿಯಬಹುದು. ಗಾಬರಿಯಾಗಿ ಪವರ್ ತೆಗೆದರೆ ಮತ್ತೆ ಮೊದಲಿನಿಂದ ಶುರು.

ಸೆಕೆಂಡ್ ಹ್ಯಾಂಡ್ ಎಪಿಕ್ ಕೊಳ್ಳುವವರು ಒಂದು ಪ್ರಶ್ನೆ ಕೇಳಲೇಬೇಕು: ಇದನ್ನು ಯಾವ ಕಂಪನಿಯ ಸರ್ವರ್‌ನಿಂದ ತೆಗೆದದ್ದು? ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್ ಎಂಬ ವ್ಯವಸ್ಥೆಯನ್ನು ಸರ್ವರ್ ತಯಾರಕರು ಚಾಲೂ ಮಾಡಿದ್ದರೆ, ಚಿಪ್ಪಿನೊಳಗಿನ ಫ್ಯೂಸ್ ಸುಟ್ಟು ಅದು ಆ ತಯಾರಕರ ಫರ್ಮ್‌ವೇರ್‌ಗೇ (ಬೋರ್ಡಿನ ಮೂಲ ತಂತ್ರಾಂಶ) ಶಾಶ್ವತವಾಗಿ ಬೀಗ ಹಾಕಿಕೊಂಡಿರುತ್ತದೆ. ಬೇರೆ ತಯಾರಕರ ಬೋರ್ಡಿನಲ್ಲಿ ಬೂಟ್ ಆಗುವುದೇ ಇಲ್ಲ, ಬಿಡಿಸುವ ದಾರಿಯೂ ಇಲ್ಲ. ‘ಅನ್‌ಲಾಕ್ಡ್’ ಎಂದು ಬರೆದು ಕೊಡದವರಿಂದ ಕೊಳ್ಳಬೇಡಿ.