ಘಟ್ಟ ಇಳಿಯುವ ಮೊದಲು ಆ ತ್ರಿಕೋನ ಬೋರ್ಡು ನೋಡಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೊಸದಾಗಿ ಕಾರು ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಅನಿಸುತ್ತಿದೆ. ಅವರ ಅಪ್ಪ ಅಮ್ಮಂದಿರೂ ಓದಿದರೆ ಒಳ್ಳೆಯದು.

ಎಲ್‌ಎಲ್‌ಆರ್ (ಕಲಿಕಾ ಪರವಾನಗಿ) ಪರೀಕ್ಷೆಗೆ ಎಲ್ಲರೂ ರಸ್ತೆ ಚಿಹ್ನೆ ಬಾಯಿಪಾಠ ಮಾಡುತ್ತಾರೆ. ಕಂಪ್ಯೂಟರಿನಲ್ಲಿ ಚಿತ್ರ ಬರುತ್ತದೆ, ಸರಿಯುತ್ತರ ಒತ್ತುತ್ತಾರೆ, ಪಾಸಾಗುತ್ತಾರೆ. ಅದೇ ಚಿತ್ರ ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ರಸ್ತೆ ಪಕ್ಕ ನಿಂತಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಚಿಹ್ನೆಯ ಹೆಸರು ಗೊತ್ತು. ಅದನ್ನು ಕಂಡ ಕೂಡಲೇ ಕೈಕಾಲು ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ನನ್ನ ತಕರಾರು ಇದರ ಬಗ್ಗೆಯೇ.

ದುಂಡಗಿನ ಬೋರ್ಡು ಅಂದರೆ ಆಜ್ಞೆ, ಪಾಲಿಸಲೇಬೇಕು. ನೀಲಿ ಆಯತದ್ದು ಆಸ್ಪತ್ರೆ, ಪೆಟ್ರೋಲ್ ಬಂಕಿನಂಥ ಮಾಹಿತಿ. ಕೆಂಪು ಅಂಚಿನ ತ್ರಿಕೋನದೊಳಗೆ ಕಪ್ಪು ಚಿತ್ರವಿದ್ದರೆ ಅದು ಎಚ್ಚರಿಕೆ. ತಲೆಕೆಳಗಾದ ತ್ರಿಕೋನ ಮಾತ್ರ ಬೇರೆ. ಅದು ‘ದಾರಿ ಬಿಡಿ’ ಎನ್ನುವ ಆಜ್ಞೆ.

ಎಚ್ಚರಿಕೆಯ ಬೋರ್ಡನ್ನು ಅಪಾಯಕ್ಕಿಂತ ಮೊದಲೇ ನೆಡುತ್ತಾರೆ, ನಿಮಗೆ ಸಮಯ ಸಿಗಲಿ ಅಂತ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಹೋಗುತ್ತದೆ. ತಿರುವು ಕಂಡ ಮೇಲೆ ಬ್ರೇಕ್ ಹುಡುಕುವವರಿಗೆ ಆ ಸಮಯ ಆಗಲೇ ಕಳೆದುಹೋಗಿರುತ್ತದೆ.

ಅಂಕೋಲಾ–ಯಲ್ಲಾಪುರ ದಾರಿಯ ಅರಬೈಲ್ ಘಟ್ಟವನ್ನೇ ತೆಗೆದುಕೊಳ್ಳಿ. ಕಡಿದಾದ ಇಳಿಜಾರಿನ ಬೋರ್ಡು ಕಂಡರೆ ಅಲ್ಲೇ ಗೇರ್ ಇಳಿಸಬೇಕು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಲವರು ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ಗೆ ಹಾಕಿ ಬಿಡುತ್ತಾರೆ. ದಯವಿಟ್ಟು ಮಾಡಬೇಡಿ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಅದು ಉರಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಹೇರ್‌ಪಿನ್ (ಯು ಆಕಾರದ ಕಡಿದಾದ ತಿರುವಿನ) ಬೋರ್ಡು ಕಂಡರೆ ವೇಗ ಇಳಿಸುವ ಕೆಲಸವೆಲ್ಲ ತಿರುವಿಗೆ ಮೊದಲೇ ಮುಗಿದಿರಬೇಕು. ಹಾರ್ನ್ ಮಾಡಿ, ಎಡಕ್ಕಿರಿ. ಉದ್ದದ ಲಾರಿಗೆ ತಿರುಗಲು ಪೂರ್ತಿ ರಸ್ತೆ ಬೇಕಾಗುತ್ತದೆ, ಎದುರಿಗೆ ಬಂದರೆ ನಿಂತು ದಾರಿ ಬಿಡಿ. ರಸ್ತೆ ಕಿರಿದಾದಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಅಂತ 2017ರ ಚಾಲನಾ ನಿಯಮಗಳಲ್ಲೇ ಇದೆ. ಎಷ್ಟು ಜನ ಪಾಲಿಸುತ್ತಾರೆ ಹೇಳಿ?

ಇನ್ನು ಕಲ್ಲು ಉರುಳುವ ಚಿತ್ರದ ಬೋರ್ಡು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಎಷ್ಟೋ ಜೀವ ಹೋದವು. ಕುಸಿತಕ್ಕೆ ಸಿಕ್ಕಿ ಪಕ್ಕದ ಗಂಗಾವಳಿ ನದಿಗೆ ಬಿದ್ದ ಲಾರಿಯೊಂದನ್ನು ಮೇಲೆತ್ತಲು ಎರಡು ತಿಂಗಳ ಮೇಲಾಯಿತು. ಅಂಥ ಕುಸಿತವನ್ನು ಯಾವ ಬೋರ್ಡೂ ತಡೆಯುವುದಿಲ್ಲ. ಆದರೆ ಜೋರು ಮಳೆಯಲ್ಲಿ ಆ ಚಿಹ್ನೆ ಕಂಡ ಕಡೆ ಗುಡ್ಡದ ಬುಡಕ್ಕೆ ಗಾಡಿ ಹಚ್ಚಿ ಜಲಪಾತದ ಫೋಟೋ ತೆಗೆಯುತ್ತಾ ನಿಲ್ಲಬಾರದು ಅನ್ನುವಷ್ಟು ನಮಗೆ ತಿಳಿದಿರಬೇಕು ಅಲ್ವಾ? ರಸ್ತೆ ಮೇಲೆ ಕೆಂಪು ಮಣ್ಣು, ಸಣ್ಣ ಕಲ್ಲು ಹೊಸದಾಗಿ ಬಿದ್ದಿದ್ದರೆ ಇನ್ನೂ ಜಾಗ್ರತೆ.

ಡ್ರೈವಿಂಗ್ ಸ್ಕೂಲಿನವರಲ್ಲಿ ನನ್ನ ವಿನಂತಿ: ಪೇಟೆಯ ಸಪಾಟು ರಸ್ತೆಯಲ್ಲಿ ಕಲಿಸಿ ಬಿಟ್ಟುಬಿಡಬೇಡಿ. ಕೊನೆಯ ಒಂದೆರಡು ದಿನವಾದರೂ ಹಗಲು ಹೊತ್ತಿನಲ್ಲಿ ಘಟ್ಟಕ್ಕೆ ಕರೆದೊಯ್ಯಿರಿ. ಶಿರಸಿಯಲ್ಲಿ ಕಲಿತವರು ನಾಳೆ ಕುಮಟೆಗೆ ಇಳಿಯುವವರೇ.

ಅಪ್ಪ ಅಮ್ಮಂದಿರು ಪಕ್ಕದ ಸೀಟಿನಲ್ಲಿ ಕೂತಾಗ ಸುಮ್ನೆ ಬೈಯುವ ಬದಲು, ಬೋರ್ಡು ಕಂಡಾಗಲೆಲ್ಲ ‘ಈಗ ಏನು ಮಾಡ್ತೀಯಾ’ ಅಂತ ಕೇಳಿ. ಮಗ ಅಥವಾ ಮಗಳು ಬಾಯಿಬಿಟ್ಟು ಹೇಳಲಿ.

ಮಳೆಗಾಲದಲ್ಲಿ ಎಷ್ಟೋ ಬೋರ್ಡುಗಳನ್ನು ಬಳ್ಳಿ ಮುಚ್ಚಿಬಿಡುತ್ತದೆ. ಹೊಸಬರಿಗೆ ಅಲ್ಲೊಂದು ಬೋರ್ಡಿದೆ ಅಂತಲೇ ಗೊತ್ತಾಗುವುದಿಲ್ಲ. ನಿಮ್ಮೂರಿನ ದಾರಿಯಲ್ಲಿ ಅಂಥದ್ದು ಕಂಡರೆ ಫೋಟೋ ಸಮೇತ ಪಂಚಾಯತಿಗೋ ಲೋಕೋಪಯೋಗಿ ಇಲಾಖೆಗೋ ಬರೆದುಕೊಡಿ.