ಡ್ರೈಫಸ್‌ನ ದೇಶದಲ್ಲಿ ಅರಬರು

ಯಹೂದಿಗಳ ಮೇಲಿನ ದ್ವೇಷ ಕುರುಡು ಪೂರ್ವಗ್ರಹ, ಅರಬರ ಬಗೆಗಿನ ಅಸಹನೆ ಮಾತ್ರ ಸಕಾರಣವಾದ ಆತಂಕ, ಎರಡನ್ನೂ ಒಟ್ಟಿಗೆ ತರಬಾರದು ಎಂಬ ವಾದವನ್ನು ಈಚೆಗೆ ಹೆಚ್ಚಾಗಿ ಕೇಳುತ್ತಿದ್ದೇನೆ. ಫ್ರಾನ್ಸಿನ ಚರಿತ್ರೆಯನ್ನು ಓದಿಕೊಂಡವರಿಗೆ ಇದನ್ನು ಒಪ್ಪುವುದು ಕಷ್ಟ.

1895ರ ಜನವರಿ 5ರಂದು ಪ್ಯಾರಿಸ್ಸಿನ ಸೈನಿಕ ಶಾಲೆಯ ಅಂಗಳದಲ್ಲಿ ಫ್ರೆಂಚ್ ಸೇನೆಯ ಯಹೂದಿ ಅಧಿಕಾರಿ ಕ್ಯಾಪ್ಟನ್ ಆಲ್ಫ್ರೆಡ್ ಡ್ರೈಫಸ್‌ನ ಸಮವಸ್ತ್ರದ ಗುಂಡಿ, ಪಟ್ಟಿಗಳನ್ನು ಕಿತ್ತೆಸೆದು ಅವನ ಕತ್ತಿಯನ್ನು ಮುರಿದರು. ತಾನು ನಿರಪರಾಧಿ, ಫ್ರಾನ್ಸ್ ಬಾಳಲಿ ಎಂದು ಅವನು ಕೂಗುತ್ತಿದ್ದರೆ, ಹೊರಗೆ ನೆರೆದಿದ್ದ ಜನ ಯಹೂದಿಗಳು ಸಾಯಲಿ ಎಂದು ಕೂಗುತ್ತಿದ್ದರು. ಜರ್ಮನಿಗೆ ಸೇನೆಯ ರಹಸ್ಯ ಕೊಟ್ಟನೆಂಬ ಆರೋಪ ಸುಳ್ಳೆಂದು ನ್ಯಾಯಾಲಯ ಸಾರಿದ್ದು 1906ರಲ್ಲಿ. ಅಷ್ಟರೊಳಗೆ, ಯಹೂದಿ ಏನೇ ಮಾಡಿದರೂ ಅವನ ನಿಷ್ಠೆ ಬೇರೆಲ್ಲೋ ಇರುತ್ತದೆ ಎಂಬ ಮಾತು ಮತ ತರುವ ಮಾತಾಗಿತ್ತು. ಅದನ್ನು ತನ್ನ ಪತ್ರಿಕೆಯ ಮೂಲಕ ಹರಡಿದ ಎದ್ವಾರ್ ದ್ರುಮೋಂ 1898ರಲ್ಲಿ ಸಂಸತ್ತಿಗೆ ಆರಿಸಿಬಂದದ್ದು ಆಗ ಫ್ರಾನ್ಸಿನ ವಸಾಹತಾಗಿದ್ದ ಅಲ್ಜೀರಿಯದ ಅಲ್ಜೀರ್ಸ್‌ನಿಂದ ಎಂಬುದನ್ನು ಗಮನಿಸಬೇಕು. ಅಲ್ಜೀರಿಯದ ಯಹೂದಿಗಳಿಗೆ 1870ರಲ್ಲಿ ಫ್ರೆಂಚ್ ಪೌರತ್ವ ಸಿಕ್ಕಿದ್ದನ್ನು ಸಹಿಸದ ಅಲ್ಲಿನ ಐರೋಪ್ಯರು, ಮುಸ್ಲಿಮರನ್ನಂತೂ ಪೌರತ್ವವಿಲ್ಲದ ಆಳುಗಳಂತೆ ಇಟ್ಟು, ಅವರಿಗೆಂದೇ ಪ್ರತ್ಯೇಕ ಶಿಕ್ಷೆಯ ನಿಯಮಗಳನ್ನು ಜಾರಿಯಲ್ಲಿಟ್ಟಿದ್ದರು.

ಮೋರಿಸ್ ಪಾಪೋಂ ಎಂಬ ಅಧಿಕಾರಿಯ ಬದುಕನ್ನು ನೋಡಿದರೆ ನನ್ನ ಮಾತು ಇನ್ನಷ್ಟು ಸ್ಪಷ್ಟವಾದೀತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯೊಡನೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರದ ಕಾಲದಲ್ಲಿ ಬೋರ್ಡೊದ ಆಡಳಿತ ಕಚೇರಿಯಲ್ಲಿ ಕುಳಿತು ಯಹೂದಿಗಳನ್ನು ಹಿಡಿದು ಸಾಗಹಾಕುವ ಕೆಲಸದಲ್ಲಿ ಪಾಲುಗೊಂಡಿದ್ದ ಈತ, 1958ರಲ್ಲಿ ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥನಾದ. 1942ರ ಜುಲೈನಲ್ಲಿ ಫ್ರೆಂಚ್ ಪೊಲೀಸರು ಮಕ್ಕಳು ಮರಿಯೆನ್ನದೆ ಯಹೂದಿ ಕುಟುಂಬಗಳನ್ನು ಕೂಡಿಹಾಕಿದ್ದ ಪ್ಯಾರಿಸ್ಸಿನ ವೆಲ್ ದಿವ್ ಕ್ರೀಡಾಂಗಣದಲ್ಲೇ, ಅಲ್ಜೀರಿಯದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ 1958ರ ಆಗಸ್ಟಿನಲ್ಲಿ ಅಲ್ಜೀರಿಯನ್ನರನ್ನು ಕೂಡಿಹಾಕಲಾಯಿತು. ಜರ್ಮನ್ ಆಕ್ರಮಣದಡಿ 1942ರ ಫೆಬ್ರವರಿಯಲ್ಲಿ ಯಹೂದಿಗಳು ರಾತ್ರಿ 8ರಿಂದ ಬೆಳಿಗ್ಗೆ 6ರವರೆಗೆ ಮನೆಯಿಂದ ಹೊರಬರುವಂತಿರಲಿಲ್ಲ. 1961ರ ಅಕ್ಟೋಬರಿನಲ್ಲಿ ಪಾಪೋಂ ಅಲ್ಜೀರಿಯನ್ ಮುಸ್ಲಿಮರಿಗೆ ಮಾತ್ರ ವಿಧಿಸಿದ ಕರ್ಫ್ಯೂ 8.30ರಿಂದ 5.30ರವರೆಗೆ. ಕಾನೂನಿನ ಪ್ರಕಾರ ಅವರು ಆಗ ಫ್ರೆಂಚ್ ಪೌರರೇ! ಇದನ್ನು ವಿರೋಧಿಸಿ ಅಕ್ಟೋಬರ್ 17ರಂದು ಬೀದಿಗಿಳಿದವರನ್ನು ಪೊಲೀಸರು ಹೊಡೆದು ಕೊಂದರು, ಸೇನ್ ನದಿಗೆ ಎಸೆದರು. 1998ರಲ್ಲಿ ಪಾಪೋಂಗೆ ಶಿಕ್ಷೆಯಾದದ್ದು ಬೋರ್ಡೊದ ಕೃತ್ಯಕ್ಕೆ ಮಾತ್ರ.

ಅರವತ್ತು ಲಕ್ಷ ಯಹೂದಿಗಳ ಹತ್ಯೆಗೆ ಇಂದಿನ ಅರಬರ ಪಾಡನ್ನು ಯಾರೂ ಸಮನಾಗಿಸಬಾರದು, ನಾನೂ ಸಮನಾಗಿಸುತ್ತಿಲ್ಲ. ಅರಬ್ ಯುವಕರಲ್ಲಿ ಕೆಲವರು ಯಹೂದಿದ್ವೇಷವನ್ನು ತಲೆಗೇರಿಸಿಕೊಂಡಿರುವುದೂ ನಿಜ. 2012ರಲ್ಲಿ ತುಲೂಸ್‌ನ ಯಹೂದಿ ಶಾಲೆಯಲ್ಲಿ ಮೂವರು ಮಕ್ಕಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದವನು ಅಲ್ಜೀರಿಯ ಮೂಲದವನು. ಆದರೆ ಅದಕ್ಕೆ ಕೆಲವೇ ದಿನ ಮೊದಲು ಅವನು ಕೊಂದ ಮೂವರು ಫ್ರೆಂಚ್ ಸೈನಿಕರೂ ಉತ್ತರ ಆಫ್ರಿಕಾ ಮೂಲದವರೇ. ಅವನ ಪಾಪವನ್ನು ಇಡೀ ಸಮುದಾಯದ ತಲೆಗೆ ಕಟ್ಟುವವರು ಈ ಸೈನಿಕರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ?

ನಾಜಿಗಳ ಅನಿಲಕೋಣೆಗಳು ಇತಿಹಾಸದ ಒಂದು ಸಣ್ಣ ವಿವರವೆಂದು 1987ರಲ್ಲಿ ಹೇಳಿದ ಫ್ರಾನ್ಸಿನ ತೀವ್ರ ಬಲಪಂಥೀಯ ನಾಯಕ ಜ್ಯಾನ್ ಮರಿ ಲೆ ಪೆನ್‌ನ ಪಕ್ಷ, ಹೆಸರು ಬದಲಿಸಿಕೊಂಡು, ಇಂದು ತಾನೇ ಯಹೂದಿಗಳಿಗೆ ರಕ್ಷಣೆ ಎನ್ನುತ್ತಿದೆ. ಈ ರಕ್ಷಣೆಯನ್ನು ನಾನು ನಂಬಲಾರೆ. ಮುಸ್ಲಿಂ ವಲಸಿಗರು ಮೂಲ ಜನರ ಜಾಗವನ್ನು ಆಕ್ರಮಿಸುತ್ತಿದ್ದಾರೆಂಬ ಕಥೆ ಫ್ರಾನ್ಸಿನ ಬಲಪಂಥದಿಂದ ಜಗತ್ತಿಗೆಲ್ಲ ಹರಡಿದಾಗ, ಅವರನ್ನು ಒಳಗೆ ಕರೆತರುತ್ತಿರುವವರು ಯಾರು ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬಂತು. 2018ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ 11 ಜನರನ್ನು ಗುಂಡಿಟ್ಟು ಕೊಂದವನು, ನಿರಾಶ್ರಿತರಿಗೆ ನೆರವಾಗುವ ಯಹೂದಿ ಸಂಸ್ಥೆಯೊಂದು ಆಕ್ರಮಣಕಾರರನ್ನು ದೇಶದೊಳಗೆ ತರುತ್ತಿದೆ ಎಂದು ಅಂದೇ ಬೆಳಿಗ್ಗೆ ಬರೆದಿದ್ದ.